ಮ್ಯಾನೇಜರ್ ಮನೆಬಾಗಿಲಿಗೆ ಬಂದಾಗ: ಸರಗೂರು ಸೀಮೆಯ ಹುಡುಗರೂ ಹೆತ್ತವರೂ ಮಾಡಬೇಕಾದ್ದು, ಮಾಡಬಾರದ್ದು

ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಕಲಿಯಲು ಮೈಸೂರು, ಬೆಂಗಳೂರಿಗೆ ಹೋಗುವ ಮಕ್ಕಳಿಗೆ ಈ ಸೂಚನೆ. ನಾಲ್ಕು ಪಂದ್ಯ ಗೆದ್ದರೆ ಸಾಕು, 'ನಿಮ್ಮ ಹುಡುಗನನ್ನು ಪ್ರೊಫೆಷನಲ್ ಮಾಡ್ತೀನಿ, ದುಬೈಗೆ ಕಳಿಸ್ತೀನಿ' ಅಂತ ಯಾರಾದರೂ ಬಂದೇ ಬರುತ್ತಾರೆ. ಬಂದವರೆಲ್ಲ ಮೋಸಗಾರರಲ್ಲ. ಆದರೆ 2015ರಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಇಳಿದ ವಿಜೇಂದರ್ ಸಿಂಗ್ ಕೈಯಲ್ಲಿ 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕಂಚಿತ್ತು, ದೇಶವೇ ಬಲ್ಲ ಹೆಸರಿತ್ತು. ಷರತ್ತು ಹಾಕುವ ತಾಕತ್ತಿತ್ತು. ನಮ್ಮ ಮಕ್ಕಳಿಗೆ ಇರುವುದು ಮೈಕಸುವು ಒಂದೇ. ಅದಕ್ಕೇ ಇಷ್ಟು ಕಟ್ಟುನಿಟ್ಟು.

ಮಾಡಬಾರದ್ದು

ಪಂದ್ಯ ನಡೆಸುವವನನ್ನೇ ಮ್ಯಾನೇಜರ್ ಮಾಡಿಕೊಳ್ಳಬೇಡಿ. ಅವನ ಮಗ, ತಮ್ಮ, ಪಾಲುದಾರನೂ ಬೇಡ. ಪಂದ್ಯ ನಡೆಸುವವನಿಗೆ ನಿಮಗೆ ಕಡಿಮೆ ಕೊಟ್ಟಷ್ಟೂ ಲಾಭ. ನಿಮಗೆ ಹೆಚ್ಚು ಕೊಡಿಸುವುದೇ ಮ್ಯಾನೇಜರ್ ಕೆಲಸ. ಎರಡೂ ಒಬ್ಬನ ಕೈಗೆ ಹೋದರೆ ನಿಮ್ಮ ಪರ ಮಾತಾಡುವವರೇ ಇರುವುದಿಲ್ಲ. ಅಮೆರಿಕದ ಹೆವಿವೇಟ್ ಚಾಂಪಿಯನ್ ಟಿಮ್ ವಿದರ್‌ಸ್ಪೂನ್‌ಗೆ ಪಂದ್ಯ ಏರ್ಪಡಿಸುತ್ತಿದ್ದವರು ಡಾನ್ ಕಿಂಗ್. ಮ್ಯಾನೇಜರ್ ಆಗಿದ್ದವರು ಡಾನ್ ಕಿಂಗ್ ಅವರ ಮಗ ಕಾರ್ಲ್. 1986ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಫ್ರಾಂಕ್ ಬ್ರೂನೋನನ್ನು ಕೆಡವಿ ಪಟ್ಟ ಉಳಿಸಿಕೊಂಡ ವಿದರ್‌ಸ್ಪೂನ್ ಕೈಗೆ ಕೊನೆಗೆ ಬಂದದ್ದು ಸುಮಾರು 90 ಸಾವಿರ ಡಾಲರ್. ಗೆದ್ದವನಿಗಿಂತ ಸೋತವನಿಗೇ ಎಷ್ಟೋ ಪಾಲು ಹೆಚ್ಚು ಸಿಕ್ಕಿತು. ವಿದರ್‌ಸ್ಪೂನ್ ಕೋರ್ಟಿಗೆ ಹೋಗಬೇಕಾಯಿತು. ಈ ಎರಡು ಪಾತ್ರ ಬೇರೆ ಬೇರೆ ಇರಬೇಕೆಂದು ಅಮೆರಿಕ ಕಾಯ್ದೆ ಮಾಡಿದ್ದು 2000ದಲ್ಲಿ, ಮುಹಮ್ಮದ್ ಅಲಿ ಹೆಸರಿನಲ್ಲಿ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆ ಗೋಡೆಯನ್ನು ನೀವೇ ಕಟ್ಟಿಕೊಳ್ಳಬೇಕು.

ಸೋಲಲು ಒಪ್ಪಬೇಡಿ. 'ಇದೊಂದು ಸಲ ಬಿಟ್ಟುಕೊಡು, ಮುಂದೆ ದೊಡ್ಡ ಪಂದ್ಯ ಕೊಡಿಸ್ತೀನಿ' ಅನ್ನುವ ಮಾತು ಹಳೆಯದು. ಅಮೆರಿಕದ ಬಾಕ್ಸರ್ ಜೇಕ್ ಲಮೋಟ 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಬಿಲ್ಲಿ ಫಾಕ್ಸ್‌ಗೆ ಬೇಕೆಂದೇ ಸೋತರು; ಪಟ್ಟಕ್ಕೆ ಕಾದಾಡುವ ಅವಕಾಶಕ್ಕಾಗಿ ಹಾಗೆ ಮಾಡಿದೆ ಎಂದು 1960ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೆದುರು ತಾವೇ ಒಪ್ಪಿಕೊಂಡರು. ಫಾಕ್ಸ್‌ನ ಹಿಂದಿದ್ದ ಮ್ಯಾನೇಜರ್ ಬ್ಲಿಂಕಿ ಪಾಲೆರ್ಮೊ ಮುಂದೆ ಜೈಲಿಗೆ ಹೋದ. ಲಮೋಟ ಎಷ್ಟೋ ಪಂದ್ಯ ಗೆದ್ದವರು, ಪಟ್ಟವನ್ನೂ ಏರಿದವರು. ಆದರೂ ಆ ಒಂದು ಸೋಲು ಅವರ ಹೆಸರಿಗೆ ಅಂಟಿಕೊಂಡೇ ಉಳಿಯಿತು.

ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಬೇಡ. ಅಂಕಪಟ್ಟಿ, ಪಾಸ್‌ಪೋರ್ಟ್‌ಗಳ ಮೂಲಪ್ರತಿ ಯಾರ ಕೈಗೂ ಕೊಡಬೇಡಿ. ಮುಂಗಡ ಹಣಕ್ಕೆ ಮರುಳಾಗಬೇಡಿ. ಅದು ಸಾಲವೋ ಸಂಭಾವನೆಯೋ ಎಂದು ಬರೆದುಕೊಡದ ಹಣ ಮುಟ್ಟಲೇಬೇಡಿ.

ಮಾಡಬೇಕಾದ್ದು

ಜೋಡಿಯನ್ನು ನೀವೇ ನೋಡಿ ಒಪ್ಪಿ. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ನಮ್ಮ ಕಡೆಯವರು ಬಲ್ಲರು. ಪೈಲ್ವಾನರು ಎದುರುಬದುರು ನಿಲ್ಲುತ್ತಾರೆ. ಇಬ್ಬರ ತೂಕ, ವಯಸ್ಸು, ಮೈಕಟ್ಟು, ಅನುಭವ ಎಲ್ಲವನ್ನೂ ಉಸ್ತಾದರು ನೋಡುತ್ತಾರೆ, ತಕರಾರಿದ್ದರೆ ಅಲ್ಲೇ ಹೇಳುತ್ತಾರೆ. ಇಬ್ಬರೂ ಕೈ ಮಿಲಾಯಿಸಿದ ಮೇಲೆಯೇ ಜೋಡಿ. ಎಲ್ಲವೂ ಹತ್ತು ಜನರ ಕಣ್ಣೆದುರೇ ನಡೆಯುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈ ಕೆಲಸ ಫೋನಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಮುಗಿಯುತ್ತದೆ. ಅಲ್ಲಿ ತಮ್ಮ ಹುಡುಗನ ಗೆಲುವಿನ ಲೆಕ್ಕ ಏರಿಸಲು ಹಳ್ಳಿಯ ಹೊಸಬನನ್ನು ಕರೆಸಿ ಹೊಡೆಸುವವರಿದ್ದಾರೆ. ನನ್ನ ಮಟ್ಟಿಗೆ ಮ್ಯಾನೇಜರ್ ಮಾಡಬಹುದಾದ ಅತಿ ದೊಡ್ಡ ದ್ರೋಹ ಇದೇ. ಹಣದ ಮೋಸ ಇದರ ಮುಂದೆ ಸಣ್ಣದು. ಎದುರಾಳಿ ಯಾರು, ತೂಕವೆಷ್ಟು, ಎಷ್ಟು ಪಂದ್ಯ ಆಡಿದ್ದಾನೆ ಎಂದು ಮೊದಲೇ ಕೇಳಿ. ಬಾಕ್ಸ್‌ರೆಕ್ ಜಾಲತಾಣದಲ್ಲಿ ವೃತ್ತಿಪರರ ದಾಖಲೆ ಸಿಗುತ್ತದೆ. ಜೋಡಿ ಸರಿಯಿಲ್ಲದಿದ್ದರೆ ಟಿಕೆಟ್ ಮಾರಾಟವಾಗಿದ್ದರೂ ಸರಿಯೇ, ಆಗುವುದಿಲ್ಲ ಅನ್ನಿ.

ವೈದ್ಯರು, ಆಂಬುಲೆನ್ಸ್ ಇದ್ದರೆ ಮಾತ್ರ ರಿಂಗ್ ಹತ್ತಿ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ಯುವಕ ಮತ್ತೆ ಮನೆಗೆ ಬರಲಿಲ್ಲ. ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಹೆತ್ತವರು ದೂರಿದರು, ಸಂಘಟಕರ ಮೇಲೆ ಪೊಲೀಸರು ಕೇಸು ದಾಖಲಿಸಿದರು. ಮಗ ಹೋದಮೇಲೆ ಬರುವ ಕೇಸಿನಿಂದ ಯಾವ ತಾಯಿಗೆ ಸಮಾಧಾನ? ತಲೆಗೆ ಪೆಟ್ಟು ಬಿದ್ದು ನಾಕ್‌ಔಟ್ ಆದರೆ ಕನಿಷ್ಠ 30 ದಿನ ಪಂದ್ಯವೂ ಬೇಡ, ಸ್ಪಾರಿಂಗೂ ಬೇಡ. ಮೂರು ತಿಂಗಳೊಳಗೆ ಎರಡನೇ ಸಲವಾದರೆ 90 ದಿನ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಬಹುಕಾಲದಿಂದ ಇರುವ ನಿಯಮವಿದು. 'ಏನಾಗಲ್ಲ, ಆಡು' ಅನ್ನುವ ಮ್ಯಾನೇಜರನ್ನು ಅವತ್ತೇ ಬಿಡಿ.

ಖರ್ಚು ಯಾವಾಗ ಕಳೆಯುತ್ತಾರೆ ಎಂದು ಬರೆಸಿಕೊಳ್ಳಿ. ಸಂಭಾವನೆ 30,000, ಪ್ರಯಾಣ, ಊಟ, ತರಬೇತಿಯ ಖರ್ಚು 12,000 ಅಂದುಕೊಳ್ಳಿ. ಮ್ಯಾನೇಜರ್ ಪಾಲು ಮೂರರಲ್ಲೊಂದು. ಮೊದಲು ಖರ್ಚು ಕಳೆದು ಪಾಲು ಹಂಚಿದರೆ ನಿಮಗೆ 12,000 ಉಳಿಯುತ್ತದೆ. ಮೊದಲು ಅವನು 10,000 ಎತ್ತಿಕೊಂಡು ಖರ್ಚೆಲ್ಲ ನಿಮ್ಮ ತಲೆಗೆ ಕಟ್ಟಿದರೆ 8,000. ಕಾಗದದಲ್ಲಿ ಒಂದೇ ಸಾಲಿನ ವ್ಯತ್ಯಾಸ. ಮೂರರಲ್ಲೊಂದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಬನ್ನಿ. ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ.

ಕಾನೂನು ತಿಳಿದುಕೊಳ್ಳಿ. 18 ತುಂಬದವರ ಸಹಿ ಇರುವ ಕರಾರು, ಎಷ್ಟು ಬೆಲೆಯ ಛಾಪಾ ಕಾಗದದ ಮೇಲಿದ್ದರೂ, ಅವರನ್ನು ಕಟ್ಟಿಹಾಕುವುದಿಲ್ಲ. ಅವಧಿ ಮುಗಿದ ಮೇಲೂ ಬೇರೆಯವರಿಗೆ ಆಡಬಾರದೆಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಸಾಕಿ ಸಲಹಿದ ಹಂಗಿನಿಂದಲೋ ಅಧಿಕಾರದಿಂದಲೋ ಮನಸ್ಸನ್ನು ಹಿಡಿದಿಟ್ಟು ಸಹಿ ಮಾಡಿಸಿಕೊಂಡಿದ್ದರೆ ಅದೇ ಕಾಯ್ದೆಯ 16ನೇ ಸೆಕ್ಷನ್ ಅದನ್ನು ಅನುಚಿತ ಪ್ರಭಾವ ಎನ್ನುತ್ತದೆ. ಅಂಥ ಕರಾರನ್ನು ರದ್ದು ಮಾಡಿಸಬಹುದು.

ಈಗಾಗಲೇ ಸಹಿ ಹಾಕಿ ಸಿಕ್ಕಿಬಿದ್ದವರು ಹೆದರಿ ಮನೆಯಲ್ಲಿ ಕೂರಬೇಡಿ. ಕರಾರಿನ ಪ್ರತಿ ಹಿಡಿದು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, 18 ತುಂಬದವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಹಾಡಿಯ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಪ್ರತಿಯೇ ಕೊಟ್ಟಿಲ್ಲವೆಂದಾದರೆ ಮೊದಲು ಅದನ್ನು ಬರವಣಿಗೆಯಲ್ಲಿ ಕೇಳಿ, ಕೇಳಿದ ಕಾಗದದ ನಕಲು ಇಟ್ಟುಕೊಳ್ಳಿ.