ಹಳೆಯ ಬೀದಿಚಿತ್ರಗಳಲ್ಲಿ ಹಿರಿಯರ ಅಂಗಡಿಯ ನೆಲೆ

ಮುಂಬಯಿಗೆ ವಲಸೆ ಬಂದ ಕನ್ನಡಿಗರ ಚರಿತ್ರೆ ಬಹುಮಟ್ಟಿಗೆ ಮನೆಮಾತಿನಲ್ಲಿಯೇ ಉಳಿದಿದೆ. ‘ಅಜ್ಜನ ಅಂಗಡಿ ಗಿರಗಾಂವ್ ರಸ್ತೆಯ ಟ್ರಾಮ್ ಹಾದಿಯಲ್ಲಿತ್ತು’ ಎಂಬಂಥ ನೆನಪಿಗೆ ಖಚಿತವಾದ ನೆಲೆಯನ್ನು ಗುರುತಿಸಲು ಹಳೆಯ ಬೀದಿಗಳ ಛಾಯಾಚಿತ್ರಗಳು ನೆರವಾಗುತ್ತವೆ.

ಮೊದಲು ಕಾಲನಿರ್ಣಯವಾಗಬೇಕು. ಈ ನಗರದಲ್ಲಿ ಕುದುರೆ ಟ್ರಾಮ್ 1874ರಲ್ಲಿಯೂ ವಿದ್ಯುತ್ ಟ್ರಾಮ್ 1907ರಲ್ಲಿಯೂ ಆರಂಭವಾದವು. 1964ರಲ್ಲಿ ಟ್ರಾಮ್ ಸಂಚಾರವೇ ನಿಂತಿತು. ಆದುದರಿಂದ ಹಳಿಗಳಿದ್ದು ಮೇಲೆ ತಂತಿಯಿಲ್ಲದ ಚಿತ್ರ ಸಾಮಾನ್ಯವಾಗಿ ವಿದ್ಯುತ್ ಟ್ರಾಮಿಗಿಂತ ಹಿಂದಿನದು.

ಅನಂತರ ಸ್ಥಳನಿರ್ಣಯ. ಗಿರಗಾಂವ್ ರಸ್ತೆ ಇಂದು ಜಗನ್ನಾಥ ಶಂಕರಶೇಟ್ ಮಾರ್ಗವೆನಿಸಿದೆ. ಅಲ್ಲಿನ ಖೋತಾಚಿ ವಾಡಿಯ ಓಣಿಯಂಥ, ಇಂದಿಗೂ ಉಳಿದಿರುವ ಗುರುತಿನಿಂದ ಕಟ್ಟಡಗಳನ್ನು ಎಣಿಸುತ್ತ ಸಾಗಬೇಕು. ಫಲಕದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಚಿತ್ರ ಮಗುಚಿ ಮುದ್ರಿತವಾಗಿದೆ. ಎಡಬದಿಯ ಅಂಗಡಿ ವಾಸ್ತವವಾಗಿ ಬಲಬದಿಯದು.

ಫಲಕದಲ್ಲಿ ಕನ್ನಡ ಲಿಪಿ ಇಲ್ಲವೆಂದ ಮಾತ್ರಕ್ಕೆ ಅಂಗಡಿ ಕನ್ನಡಿಗರದಲ್ಲವೆನ್ನಲಾಗದು. ವ್ಯಾಪಾರಿ ಗಿರಾಕಿಯ ಭಾಷೆಯಲ್ಲಿ ಫಲಕ ಬರೆಸುವುದು ಸಹಜ. ಚಿತ್ರವೊಂದೇ ಸಾಕ್ಷ್ಯವಾಗಲಾರದು. ಬಾಡಿಗೆ ಚೀಟಿ, ಪರವಾನಗಿ, ಊರಿನಿಂದ ಬಂದ ಕಾಗದದ ವಿಳಾಸ ಇವುಗಳಲ್ಲಿ ಒಂದಾದರೂ ಅದರೊಡನೆ ಹೊಂದಬೇಕು.

ಹಳೆಯ ಚಾಳುಗಳು ನೆಲಸಮವಾಗುತ್ತಿವೆ. ಚಿತ್ರವನ್ನು ನೋಡಿ ‘ಇದೇ ಆ ಬಾಗಿಲು’ ಎನ್ನಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಈ ಕಾರ್ಯ ನಡೆಯಬೇಕು.