ಹಿತ್ತಿಲಿಗೆ ಹೊಸ ಸೊಪ್ಪು: ಚಕ್ರಮುನಿಯನ್ನು ತಿನ್ನುವ ಕ್ರಮ

ಹಿತ್ತಿಲಿದ್ದವರಿಗೆ ಹೊಸ ಗಿಡದ ಆಸೆ ಇದ್ದದ್ದೇ. ನೆಂಟರ ಮನೆಯಿಂದ ಒಂದು ಕಡ್ಡಿ ತಂದು ನೆಡುತ್ತೇವೆ. ಚಿಗುರಿದರೆ ಅದು ಅಡುಗೆಮನೆಗೂ ಬರುತ್ತದೆ. ಹೀಗೆ ಅನೇಕ ಮನೆಗಳನ್ನು ಸೇರಿರುವ ಗಿಡ ಚಕ್ರಮುನಿ. 'ವಿಟಮಿನ್ ಸೊಪ್ಪು' ಎಂಬುದು ಇದರ ಇನ್ನೊಂದು ಹೆಸರು. ಇದನ್ನು ಬೆಳೆಯುವುದು ಸುಲಭ. ಆದರೆ ತಿನ್ನುವ ಕ್ರಮವನ್ನು ತಿಳಿದಿರುವುದು ಅಗತ್ಯ.

ಯಾವ ಗಿಡ?

ಚಕ್ರಮುನಿ ನೆಲ್ಲಿ, ಕಿರುನೆಲ್ಲಿಗಳ ಕುಟುಂಬಕ್ಕೆ ಸೇರಿದ ಪೊದೆ. ಸಸ್ಯಶಾಸ್ತ್ರದಲ್ಲಿ ಸೌರೋಪಸ್ ಆಂಡ್ರೋಗೈನಸ್ ಎಂಬ ಹೆಸರಿನಿಂದ ಪರಿಚಿತ. ಕಡ್ಡಿಯ ಎರಡೂ ಬದಿಗೆ ಎಲೆಗಳು ಸಾಲಾಗಿರುತ್ತವೆ. ಎಲೆಯ ಬುಡದಲ್ಲಿ ಚಪ್ಪಟೆಯಾದ ಪುಟ್ಟ ಕೆಂಪು ಹೂ, ಆಮೇಲೆ ಬಿಳಿಯ ಕಾಯಿ ಬರುತ್ತವೆ. ಆಗ್ನೇಯ ಏಷ್ಯಾದಲ್ಲಿ ಇದು ನಿತ್ಯದ ತರಕಾರಿ. ಇಂಡೋನೇಷ್ಯಾದಲ್ಲಿ ಇದಕ್ಕೆ 'ಕಾಟುಕ್' ಎನ್ನುತ್ತಾರೆ. ಹಾಲು ಹೆಚ್ಚಲೆಂದು ಬಾಣಂತಿಯರಿಗೆ ಕೊಡುವ ರೂಢಿ ಅಲ್ಲಿದೆ.

ಈ ಸೊಪ್ಪಿನಲ್ಲಿ ಪ್ರೋಟೀನು, ಸುಣ್ಣದ ಅಂಶ, ಕಬ್ಬಿಣ, 'ಸಿ' ಜೀವಸತ್ವ ಮತ್ತು 'ಎ' ಜೀವಸತ್ವವಾಗಿ ಬದಲಾಗುವ ಕೆರೋಟಿನ್ ಚೆನ್ನಾಗಿವೆ.

ಬೆಳೆಯುವ ಬಗೆ

ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಯನ್ನು ನೆಡಿ. ನೀರು ನಿಲ್ಲದ, ಅರೆನೆರಳಿನ ಜಾಗವಾದರೂ ಸಾಕು. ದೊಡ್ಡ ಕುಂಡವೂ ಆದೀತು. ಗಿಡ ಸೊಂಟದೆತ್ತರಕ್ಕೆ ಬಂದಾಗ ತುದಿ ಚಿವುಟಿದರೆ ಬದಿಯಲ್ಲಿ ಚಿಗುರೊಡೆಯುತ್ತದೆ. ಬೇಲಿಯ ಸಾಲಿಗೂ ಒಪ್ಪುತ್ತದೆ.

ತೈವಾನಿನ ಪಾಠ

1994-95ರಲ್ಲಿ ತೈವಾನಿನಲ್ಲಿ ಈ ಸೊಪ್ಪು ಮೈ ತೂಕ ಇಳಿಸುತ್ತದೆಂಬ ಸುದ್ದಿ ಹಬ್ಬಿತು. ಜನ, ಅದರಲ್ಲೂ ಹೆಂಗಸರು, ಹಸಿ ಎಲೆಯನ್ನು ಸೀಬೆ ಅಥವಾ ಅನಾನಸ್ ರಸದೊಂದಿಗೆ ಅರೆದು ದಿನವೂ ಕುಡಿಯತೊಡಗಿದರು. ಹಲವರು ದಿನಕ್ಕೆ ಸುಮಾರು 150 ಗ್ರಾಂ ಎಲೆ ಬಳಸುತ್ತಿದ್ದರು. ಕೆಲವು ವಾರಗಳಲ್ಲೇ ಕೆಮ್ಮು, ಏದುಸಿರು ಶುರುವಾಯಿತು. ಶ್ವಾಸಕೋಶದ ಸಣ್ಣ ಗಾಳಿನಾಳಗಳು ಕಟ್ಟಿಕೊಂಡು ಗಟ್ಟಿಯಾಗುವ ರೋಗ ಅದು. ನೂರಕ್ಕೂ ಹೆಚ್ಚು ಜನ ಇದಕ್ಕೆ ತುತ್ತಾದರು. ಔಷಧಿಗಳಿಂದ ಹೆಚ್ಚು ಗುಣ ಕಾಣಲಿಲ್ಲ. ಸೊಪ್ಪು ಬಿಟ್ಟ ಮೇಲೂ ಹಾನಿ ಉಳಿಯಿತು. ಕೆಲವರು ಸತ್ತರು, ಕೆಲವರಿಗೆ ಶ್ವಾಸಕೋಶದ ಕಸಿಯೇ ಬೇಕಾಯಿತು.

ಹಾಗೆಂದು ಗಿಡವನ್ನು ಕಿತ್ತೆಸೆಯಬೇಕಾಗಿಲ್ಲ. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಇದನ್ನು ತಲೆಮಾರುಗಳಿಂದ ಬೇಯಿಸಿ, ಊಟದ ಒಂದು ಭಾಗವಾಗಿ ತಿನ್ನುತ್ತ ಬಂದಿದ್ದಾರೆ. ತೈವಾನಿನಲ್ಲಿ ಬದಲಾದದ್ದು ಪ್ರಮಾಣ ಮತ್ತು ಕ್ರಮ: ಹಸಿಯಾಗಿ, ಹೆಚ್ಚಾಗಿ, ದಿನವೂ.

ನೀವು ಏನು ಮಾಡಬೇಕು?

* ಹಸಿ ಎಲೆಯ ರಸ ಬೇಡವೇ ಬೇಡ. ಪಲ್ಯ, ಸಾರು, ಹುಳಿಗೆ ಚೆನ್ನಾಗಿ ಬೇಯಿಸಿ ಬಳಸಿ.
* ವಾರಕ್ಕೊಂದು ಸಲ ಸಾಕು. ಉಳಿದ ದಿನ ಹರಿವೆ, ಬಸಳೆ, ನುಗ್ಗೆ ಸೊಪ್ಪು ಇರಲಿ.
* ಒಗ್ಗರಣೆಯ ಎಣ್ಣೆ ಇದ್ದರೆ ಕೆರೋಟಿನ್ ಮೈಗೆ ಹತ್ತುತ್ತದೆ; ನಿಂಬೆರಸ ಹಿಂಡಿದರೆ ಕಬ್ಬಿಣ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿಯಬೇಡಿ.
* ಉಬ್ಬಸ ಮುಂತಾದ ಶ್ವಾಸಕೋಶದ ತೊಂದರೆ ಇದ್ದವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು, ಗರ್ಭಿಣಿಯರು ಮತ್ತು ಬಾಣಂತಿಯರು ವೈದ್ಯರನ್ನು ಕೇಳಿಯೇ ತಿನ್ನಿ.
* ಈ ಸೊಪ್ಪು ತಿನ್ನುವವರಿಗೆ ವಾಸಿಯಾಗದ ಕೆಮ್ಮು ಅಥವಾ ಏದುಸಿರು ಕಾಣಿಸಿಕೊಂಡರೆ ತಿನ್ನುವುದನ್ನು ನಿಲ್ಲಿಸಿ, ವೈದ್ಯರಿಗೆ ಸೊಪ್ಪಿನ ವಿಷಯವನ್ನೂ ಹೇಳಿ.

ಯಾವುದೇ ಹೊಸ ಗಿಡ ಮನೆಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಗಿಡದ ಗುರುತು ಖಚಿತವೇ? ಅದರ ತವರಿನ ಜನ ಯಾವ ಭಾಗವನ್ನು, ಹೇಗೆ ತಿನ್ನುತ್ತಾರೆ? ಎಷ್ಟು ತಿನ್ನುತ್ತಾರೆ? ಉತ್ತರ ಸಿಗುವವರೆಗೆ ಗಿಡ ಹಿತ್ತಿಲಲ್ಲೇ ಇರಲಿ, ಎಲೆಗೆ ಬಡಿಸುವುದು ಬೇಡ.