‘ಜಾರಿ ಬಿದ್ದೆ’ ಅಂದವಳಿಗೆ ಕೇಳಬೇಕಾದ ಮುಂದಿನ ಪ್ರಶ್ನೆ



ನಮ್ಮ ವಿಜ್ಞಾನ ವಿಭಾಗದ ಯಾವ ತರಗತಿಯಲ್ಲಾದರೂ ‘ಮುಂದೆ ಏನಾಗ್ತೀರಿ?’ ಎಂದು ಕೇಳಿದರೆ ಹೆಚ್ಚಿನ ಕೈಗಳು ಒಂದೇ ಉತ್ತರಕ್ಕೆ ಏಳುತ್ತವೆ: ಡಾಕ್ಟರ್. ಕೆಲವರು ನರ್ಸಿಂಗ್ ಅನ್ನುತ್ತೀರಿ, ಕೆಲವರು ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್. ಅದಕ್ಕಾಗಿ ರಕ್ತ ಪರಿಚಲನೆ ಓದುತ್ತೀರಿ, ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತೀರಿ. ಆದರೆ ಮನೆಯಲ್ಲಿ ಏಟು ತಿಂದು ಆಸ್ಪತ್ರೆಗೆ ಬಂದವರ ಜೊತೆ ಹೇಗೆ ಮಾತಾಡಬೇಕು ಎಂಬುದಕ್ಕೆ ನಮ್ಮ ಪಠ್ಯದಲ್ಲಿ ಅಧ್ಯಾಯವಿಲ್ಲ. ಅದನ್ನೂ ಕಲಿಯಬೇಕಾಗುತ್ತದೆ, ಕಲಿಸಲು ಪುಸ್ತಕಗಳೂ ಇವೆ ಎಂಬುದು ನನಗೆ ತಡವಾಗಿ ತಿಳಿಯಿತು. ಜೀವಶಾಸ್ತ್ರ ಹೇಳಿಕೊಡುವ ನಾನೇ ಒಮ್ಮೆ ಈ ಪಾಠದಲ್ಲಿ ಫೇಲಾದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅವತ್ತು ನಡೆದದ್ದು

ನಮ್ಮ ಓಣಿಯ ಒಬ್ಬ ಹೆಣ್ಣುಮಗಳು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಒಂದು ಸಂಜೆ ಕಿವಿಯ ಹಿಂದೆ ರಕ್ತ ಸೋರುತ್ತಿತ್ತು. ಗಂಡ ಆಟೋ ತಂದ. ಆಕೆಗೆ ಕನ್ನಡ ಸರಾಗ ಬಾರದು, ಡಾಕ್ಟರಿಗೆ ನಮ್ಮ ದಖ್ಖನಿ ಉರ್ದು ತಿಳಿಯದು. ಹಾಗಾಗಿ ನನ್ನನ್ನೂ ಕರೆದುಕೊಂಡು ಹೋದರು.

ಡಾಕ್ಟರು ಗಾಯ ನೋಡುತ್ತಾ, ‘ಏನಾತಮ್ಮಾ?’ ಅಂದರು. ಗಂಡ ಮಂಚದ ಪಕ್ಕದಲ್ಲೇ ನಿಂತಿದ್ದ. ಆಕೆ ನೆಲ ನೋಡುತ್ತಾ, ‘ಪಾಂವ್ ಫಿಸಲ್ ಗಯಾ’ ಅಂದಳು. ನಾನು, ‘ಬಚ್ಚಲದಾಗ ಜಾರಿ ಬಿದ್ದಾಳಂತ್ರೀ’ ಅಂದೆ. ‘ಬಚ್ಚಲದಾಗ’ ಎಂಬ ಮಾತು ಆಕೆಯದಲ್ಲ, ನಾನೇ ಸೇರಿಸಿದ್ದು. ಡಾಕ್ಟರು ಹಾಗೇ ಬರೆದುಕೊಂಡು, ನಾಲ್ಕು ಹೊಲಿಗೆ ಹಾಕಿ, ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಎಷ್ಟೋ ತಿಂಗಳ ನಂತರ ಆಕೆ ನನ್ನ ಹತ್ತಿರ ಹೇಳಿದಳು: ‘ಆಪಾ, ಅವತ್ತು ಅವರನ್ನ ಒಂದ್ ನಿಮಿಷ ಹೊರಗ ಕಳಿಸಿದ್ರ ನಾ ಹೇಳ್ತಿದ್ದೆ.’

ಈ ಪಾಠವೆಲ್ಲ ಆ ಒಂದು ನಿಮಿಷದ ಬಗ್ಗೆ.

ಆಕೆ ಒಬ್ಬಳೇ ಅಲ್ಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತು ನಮ್ಮ ರಾಜ್ಯದಲ್ಲಿ ನಡೆದದ್ದು 2019ರಲ್ಲಿ. ಅದರ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29.3. ಹಿಂದಿನ ಸುತ್ತಿನಲ್ಲಿ ಕರ್ನಾಟಕದ ಅಂಕಿ ಶೇ. 20.6 ಇತ್ತು. ಹಿಂಸೆಯೇ ಇಷ್ಟು ಹೆಚ್ಚಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದರೋ, ಇದೊಂದೇ ಅಂಕಿಯಿಂದ ತೀರ್ಮಾನಿಸಲಾಗದು. ಹಿಂಸೆ ಅನುಭವಿಸಿದವರಲ್ಲಿ ಯಾರದ್ದಾದರೂ ನೆರವು ಕೇಳಿದವರು ದೇಶದಲ್ಲಿ ಕೇವಲ ಶೇ. 14.

ಇಲ್ಲಿ ಒಂದು ವಿಷಯ ಗಮನಿಸಿ. ಈ ಸಮೀಕ್ಷೆಯವರು ಮನೆಗೆ ಬಂದಾಗ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳುತ್ತಾರೆ. ಬೇರೆ ಯಾರೂ ಇಲ್ಲದಾಗ ಮಾತ್ರ ಕೇಳುತ್ತಾರೆ. ನಡುವೆ ಯಾರಾದರೂ ಬಂದರೆ ಮಾತು ನಿಲ್ಲಿಸಬೇಕು. ಲೆಕ್ಕಕ್ಕಾಗಿ ಕೇಳುವವರಿಗೇ ಇಷ್ಟು ಕಟ್ಟುನಿಟ್ಟಿದ್ದರೆ, ಗಾಯಕ್ಕೆ ಮದ್ದು ಕೊಡುವವರಿಗೆ ಇನ್ನೆಷ್ಟು ಇರಬೇಕು?

ವೈದ್ಯರಿಗೆ ಕಲಿಸುವ ಪುಸ್ತಕಗಳು

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ವೈದ್ಯರು, ದಾದಿಯರು ಕೈಯಲ್ಲಿಟ್ಟುಕೊಳ್ಳುವಂಥ ಕೈಪಿಡಿ ಬಂತು. 2019ರಲ್ಲಿ ಆರೋಗ್ಯ ಸಿಬ್ಬಂದಿಗೆ ತರಬೇತಿ ನೀಡುವ ಪಠ್ಯಕ್ರಮವೇ ಬಂತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2014ರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಚಿಕಿತ್ಸೆ ಮತ್ತು ಪರೀಕ್ಷೆಗೆ ಮಾರ್ಗಸೂಚಿ ಕೊಟ್ಟಿತು.

ನಮ್ಮ ದೇಶದ ಅನುಭವ ಇದಕ್ಕಿಂತ ಹಳೆಯದು. ಮುಂಬೈಯ ಬಾಂದ್ರಾದಲ್ಲಿರುವ ಕೆ.ಬಿ. ಭಾಭಾ ಮುನ್ಸಿಪಲ್ ಆಸ್ಪತ್ರೆಯಲ್ಲಿ 2000ದಲ್ಲಿ ‘ದಿಲಾಸಾ’ ಎಂಬ ಕೇಂದ್ರ ಶುರುವಾಯಿತು. ಪಾಲಿಕೆಯ ಜೊತೆ ಕೈಜೋಡಿಸಿದ್ದು ‘ಸೆಹತ್’ ಸಂಸ್ಥೆ. ಉರ್ದು ಬಲ್ಲವರಿಗೆ ಎರಡೂ ಹೆಸರಿನ ಅರ್ಥ ಹೇಳಬೇಕಿಲ್ಲ: ಒಂದು ಸಾಂತ್ವನ, ಇನ್ನೊಂದು ಆರೋಗ್ಯ. ಹಿಂಸೆಯ ವಿಷಯ ಪೊಲೀಸ್ ಠಾಣೆಗೆ ಮಾತ್ರ ಸೇರಿದ್ದಲ್ಲ, ಆಸ್ಪತ್ರೆಗೂ ಸೇರಿದ್ದು ಎಂದು ತೋರಿಸಿದ್ದು ಆ ಕೇಂದ್ರ. ನಮ್ಮ ಕಡೆಯವರು ಚಿಕಿತ್ಸೆಗೆ ಹೋಗುವ ಮಿರಜ್‌ನಲ್ಲಿ, ಹಾಗೆಯೇ ಔರಂಗಾಬಾದ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸಿಬ್ಬಂದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ತರಬೇತಿ ನಡೆದಿದೆ.

ಐದು ಹೆಜ್ಜೆಗಳು

ಆ ಕೈಪಿಡಿಯ ತಿರುಳನ್ನು ಇಂಗ್ಲಿಷಿನ ಐದು ಅಕ್ಷರಗಳಲ್ಲಿ ‘ಲೈವ್ಸ್’ ಅನ್ನುತ್ತಾರೆ. ನಾನು ಕನ್ನಡದಲ್ಲಿ ಹೀಗೆ ನೆನಪಿಟ್ಟುಕೊಂಡಿದ್ದೇನೆ.

1. ಕಿವಿಗೊಡು. ಮಧ್ಯೆ ಬಾಯಿ ಹಾಕದೆ, ಗಡಿಯಾರ ನೋಡದೆ, ತೀರ್ಪು ಕೊಡದೆ ಕೇಳುವುದು.

2. ವಿಚಾರಿಸು. ಆಕೆಗೆ ಈಗ ಏನು ಬೇಕು ಎಂದು ಕೇಳುವುದು. ಭಯವೇ, ಮಕ್ಕಳ ಚಿಂತೆಯೇ, ನೋವೇ, ಖರ್ಚೇ?

3. ನಂಬು. ‘ತಪ್ಪು ನಿನ್ನದಲ್ಲ, ನೀ ಹೇಳಿದ್ದನ್ನ ನಂಬ್ತೀನಿ’ ಎಂದು ಬಾಯಿಬಿಟ್ಟು ಹೇಳುವುದು. ‘ನೀ ಏನ್ ಮಾಡಿದ್ದಿ, ಅವ ಯಾಕ ಹೊಡದ?’ ಎಂಬ ಪ್ರಶ್ನೆ ಎರಡನೇ ಏಟು.

4. ಸುರಕ್ಷತೆ ನೋಡು. ಇವತ್ತು ರಾತ್ರಿ ಮನೆಗೆ ಹೋದರೆ ಜೀವಕ್ಕೆ ಅಪಾಯವಿದೆಯೇ? ಇದಕ್ಕೆ ಕೈಪಿಡಿಯಲ್ಲಿ ಪ್ರಶ್ನೆಗಳಿವೆ. ಕಳೆದ ಆರು ತಿಂಗಳಲ್ಲಿ ಹೊಡೆತ ಹೆಚ್ಚಾಗಿದೆಯೇ? ಆಯುಧ ಹಿಡಿದು ಬೆದರಿಸಿದ್ದಾನೆಯೇ? ಕುತ್ತಿಗೆ ಹಿಸುಕಿದ್ದಾನೆಯೇ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದಾನೆಯೇ? ಕೊಂದೇಬಿಟ್ಟಾನು ಅನ್ನಿಸುತ್ತದೆಯೇ? ಇಂಥವುಗಳಲ್ಲಿ ಮೂರಕ್ಕೆ ‘ಹೌದು’ ಬಂದರೆ ಅಪಾಯ ದೊಡ್ಡದು.

5. ಆಸರೆ ಜೋಡಿಸು. ಸಲಹಾ ಕೇಂದ್ರ, ಕಾನೂನು ನೆರವು, ತಂಗುವ ಜಾಗ, ನಂಬಿಕೆಯ ಬಂಧು, ಇವುಗಳ ದಾರಿ ತೋರಿಸುವುದು. ಕೈಗೆ ಚೀಟಿ ಕೊಡುವಾಗಲೂ ಎಚ್ಚರ ಬೇಕು. ಆ ಚೀಟಿ ಗಂಡನ ಕೈಗೆ ಸಿಕ್ಕರೆ ಅದೇ ಇನ್ನೊಂದು ಏಟಿಗೆ ಕಾರಣವಾದೀತು.

ಈ ಐದಕ್ಕೂ ಮೊದಲಿನ ಷರತ್ತು ಏಕಾಂತ. ಯಾರ ಮುಂದೆಯೂ, ಅತ್ತೆಯ ಮುಂದೆಯೂ, ಮಾತು ಬಲ್ಲ ಮಗುವಿನ ಮುಂದೆಯೂ ಕೇಳಬಾರದು. ಮನೆಯವರನ್ನು ದುಭಾಷಿ ಮಾಡಬಾರದು. ಉರ್ದು, ಲಂಬಾಣಿ, ತೆಲುಗು, ಕನ್ನಡ ಎಲ್ಲ ಬೆರೆತಿರುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ನಾನು ಅವತ್ತು ಮನೆಯವಳಲ್ಲ, ಆದರೂ ಮನೆಯವರ ಪರವಾಗಿಯೇ ಅನುವಾದ ಮಾಡಿದೆ.

ಹಾಗಂತ ಆಸ್ಪತ್ರೆಗೆ ಬಂದ ಪ್ರತಿ ಹೆಣ್ಣುಮಗಳಿಗೂ ಈ ಪ್ರಶ್ನೆ ಹಾಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಿಲ್ಲ. ಗಾಯ, ಪದೇ ಪದೇ ಬರುವ ನೋವು, ಖಿನ್ನತೆ ಇಂಥ ಲಕ್ಷಣ ಕಂಡಾಗ, ಅದೂ ತರಬೇತಿ ಪಡೆದವರು ಕೇಳಬೇಕು. ಕೇಳುವ ರೀತಿ ಹೀಗಿರಬಹುದು: ‘ಇಂಥಾ ಪೆಟ್ಟು ಕೆಲವೊಮ್ಮೆ ಮನ್ಯಾಗ ಯಾರಾದ್ರೂ ಹೊಡದಾಗ ಆಗಿರ್ತಾವ. ನಿಮಗ ಹಂಗೇನಾದ್ರೂ ಆಗೇದೇನು?’ ಆಕೆ ಇಲ್ಲ ಅಂದರೆ ಒತ್ತಾಯಿಸಬಾರದು. ‘ಯಾವಾಗ ಬೇಕಾದ್ರೂ ಬರ್ರಿ’ ಅಂದರೆ ಸಾಕು. ಬಾಗಿಲು ತೆರೆದಿದೆ ಎಂದು ಆಕೆಗೆ ಗೊತ್ತಾಗುತ್ತದೆ.

ನಮ್ಮ ಜೀವಶಾಸ್ತ್ರ ಇಲ್ಲಿ ಏನು ಹೇಳುತ್ತದೆ?

ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಅಂಗೈ, ಮೊಣಕಾಲು, ಮೊಣಕೈ, ಹಣೆ ಇಂಥ ಮುಂಚಾಚಿದ ಭಾಗಗಳಿಗೆ. ಕಿವಿಯ ಹಿಂಭಾಗ, ಕುತ್ತಿಗೆ, ತೋಳಿನ ಒಳಮೈ ಇಂಥ ಮರೆಯ ಜಾಗಗಳಲ್ಲಿ ಗಾಯವಿದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕು. ಅದು ಪ್ರಶ್ನೆಗೆ ಕಾರಣ ಮಾತ್ರ, ತೀರ್ಪಿಗೆ ಸಾಕ್ಷಿಯಲ್ಲ.

ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್, ಆಮೇಲೆ ಬಿಲಿರುಬಿನ್ ಆಗುವುದನ್ನು ಹೇಳಿಕೊಟ್ಟಿದ್ದೇನೆ. ಕಂದಿದ ಚರ್ಮ ಹಸಿರಾಗಿ, ಹಳದಿಯಾಗಿ ಮಾಸುವುದು ಅದರಿಂದಲೇ. ಆದರೆ ಬಣ್ಣ ನೋಡಿ ‘ಇದು ಇಷ್ಟೇ ದಿನದ ಗಾಯ’ ಎಂದು ಕರಾರುವಾಕ್ಕಾಗಿ ಹೇಳಲಾಗದು. ಆದ್ದರಿಂದ ವೈದ್ಯರು ಗಾಯದ ಜಾಗ, ಅಳತೆ, ಬಣ್ಣವನ್ನು ಕಂಡಂತೆ ಬರೆಯಬೇಕು. ರೋಗಿಯ ಮಾತನ್ನು ಆಕೆಯ ಮಾತಿನಲ್ಲೇ ಬರೆಯಬೇಕು. ಆ ಕಾಗದ ಮುಂದೆ ನ್ಯಾಯಾಲಯದಲ್ಲಿ ಮಾತಾಡಬೇಕಾಗಬಹುದು.

ಕುತ್ತಿಗೆ ಹಿಸುಕಿದಾಗ ಹೊರಗೆ ಒಂದು ಗುರುತೂ ಕಾಣದಿರಬಹುದು. ಧ್ವನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ಕಣ್ಣಲ್ಲಿ ಸಣ್ಣ ಕೆಂಪು ಚುಕ್ಕೆ ಕಂಡರೆ ತಕ್ಷಣ ತಪಾಸಣೆ ಬೇಕು.

ವಿಜ್ಞಾನವೆಂದು ನಡೆದುಬಂದದ್ದೆಲ್ಲ ವಿಜ್ಞಾನವಲ್ಲ ಎಂಬುದಕ್ಕೂ ಇಲ್ಲಿ ಉದಾಹರಣೆ ಇದೆ. ಅತ್ಯಾಚಾರಕ್ಕೆ ಒಳಗಾದವರಿಗೆ ‘ಎರಡು ಬೆರಳಿನ ಪರೀಕ್ಷೆ’ ಎಂಬುದನ್ನು ಮಾಡುತ್ತಿದ್ದರು. ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. 2014ರ ಮಾರ್ಗಸೂಚಿ ಅದನ್ನು ಬೇಡವೆಂದಿತು. ಆದರೂ ಅದು ನಿಲ್ಲದಿದ್ದಾಗ 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಕಟುವಾಗಿ ಖಂಡಿಸಿ, ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮವನ್ನೇ ಪರಿಶೀಲಿಸಬೇಕೆಂದು ಹೇಳಿತು. ತಪ್ಪು ಪಾಠ ಕಲಿತವರಿಂದ ನೊಂದವರಿಗೆ ಮತ್ತೆ ನೋವಾಗುತ್ತದೆ. ಅದಕ್ಕೇ ಪಾಠ ಮುಖ್ಯ.

ಕಾನೂನು ಏನು ಹೇಳುತ್ತದೆ?

ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೀಗೆ ಹೇಳುತ್ತದೆ. ತಪ್ಪಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯ 7ನೇ ಕಲಂ ಪ್ರಕಾರ ನೊಂದ ಮಹಿಳೆ ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಒದಗಿಸಲೇಬೇಕು. ‘ಮೊದಲು ಠಾಣೆಗೆ ಹೋಗಿ ಬಾ’ ಎಂದು ವಾಪಸ್ ಕಳಿಸುವಂತಿಲ್ಲ.

ರೋಗಿ ಹೇಳಿದ್ದು ವೈದ್ಯರ ಹತ್ತಿರ ಅಮಾನತ್. ಒಪ್ಪಿಸಿದ ವಸ್ತುವನ್ನು ಹೇಗೆ ಕಾಯಬೇಕೆಂದು ನಿಮಗೆ ಮನೆಯಲ್ಲೇ ಹೇಳಿಕೊಟ್ಟಿದ್ದಾರೆ. ಆದರೆ ಇದಕ್ಕೆ ಒಂದು ಮಿತಿ ಇದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ವೈದ್ಯರಿಗೂ ಇದೇ ನಿಯಮ, ನಮ್ಮಂಥ ಉಪನ್ಯಾಸಕರಿಗೂ ಇದೇ ನಿಯಮ. ಅದನ್ನು ಮಗುವಿನಿಂದ ಮುಚ್ಚಿಡದೆ ಮೊದಲೇ ಹೇಳುವುದು ಪ್ರಾಮಾಣಿಕತೆ.

ನಮ್ಮ ಜಿಲ್ಲೆಯಲ್ಲಿ

ಯಾದಗಿರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 371(ಜೆ) ಮೀಸಲಾತಿಯಲ್ಲಿ ನಮ್ಮ ಮಕ್ಕಳು ಬಿಳಿ ಕೋಟು ಹಾಕುತ್ತಿದ್ದಾರೆ. ನಾಳೆ ಶಹಾಪುರದ, ಸುರಪುರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಕೂಡುವವರು ನೀವೇ. ಹತ್ತಿ ಬಿಡಿಸಲು ಹೋದ ಹುಡುಗಿ, ಬೆಂಗಳೂರಿನ ಕಟ್ಟಡ ಕೆಲಸದಿಂದ ಮರಳಿದ ತಾಯಿ ನಿಮ್ಮ ಮುಂದೆ ಬರುತ್ತಾರೆ. ಅವರ ಮಾತು ನಿಮಗೆ ತಿಳಿಯುತ್ತದೆ. ದುಭಾಷಿ ಬೇಕಿಲ್ಲದ ಡಾಕ್ಟರ್, ನರ್ಸ್ ನೀವಾಗಬಹುದು. ಇದು ಸಣ್ಣ ಬಲವಲ್ಲ.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಜಗಳಕ್ಕೆ ಅದು ಸರಿ. ಹೊಲಿಗೆ ಬೀಳುವ ಏಟಿಗೆ ಆ ಗಾದೆ ಅನ್ವಯಿಸುವುದಿಲ್ಲ.

ಇಂದೇ ಯಾರಿಗಾದರೂ ನೆರವು ಬೇಕಿದ್ದರೆ: ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಚಿಕಿತ್ಸೆ, ಪೊಲೀಸ್, ಕಾನೂನು, ಆಪ್ತಸಲಹೆ ಎಲ್ಲವನ್ನೂ ಒಂದೇ ಕಡೆ ಕೊಡಲೆಂದು 2015ರಲ್ಲಿ ಶುರುವಾದದ್ದು ‘ಸಖಿ’ ಕೇಂದ್ರಗಳ ಯೋಜನೆ. ನಿಮ್ಮಲ್ಲೇ ಯಾರಿಗಾದರೂ ಮನೆಯಲ್ಲಿ ಇಂಥ ಕಷ್ಟವಿದ್ದರೆ ಸ್ಟಾಫ್ ರೂಮಿಗೆ ಬನ್ನಿ. ಬಾಗಿಲ ಹತ್ತಿರ ಯಾರಿದ್ದರೂ ಹೊರಗೆ ಕಳಿಸುತ್ತೇನೆ. ಅಷ್ಟನ್ನು ನಾನು ಈಗ ಕಲಿತಿದ್ದೇನೆ.

ಅಭ್ಯಾಸ

1. ಇಬ್ಬರು ಎದುರುಬದುರು ಕೂತು, ಒಬ್ಬರು ಎರಡು ನಿಮಿಷ ತಮ್ಮ ಯಾವುದಾದರೂ ಸಣ್ಣ ತೊಂದರೆ ಹೇಳಿ. ಇನ್ನೊಬ್ಬರು ಸಲಹೆ ಕೊಡದೆ, ಮಧ್ಯೆ ಮಾತಾಡದೆ ಕೇಳಿ. ಯಾವುದು ಕಷ್ಟವಾಯಿತು ಎಂದು ಬರೆಯಿರಿ.

2. ರೋಗಿಯ ಜೊತೆ ಬಂದವರಿಗೆ ಅವಮಾನವಾಗದಂತೆ, ಅನುಮಾನ ಬಾರದಂತೆ ‘ಸ್ವಲ್ಪ ಹೊರಗೆ ಕೂಡ್ರಿ’ ಎಂದು ಹೇಗೆ ಹೇಳುತ್ತೀರಿ? ನಿಮ್ಮ ಮನೆಮಾತಿನಲ್ಲಿ ಒಂದು ವಾಕ್ಯ ಬರೆಯಿರಿ.

3. ಅವತ್ತು ನಾನು ಆಡಿದ ಅನುವಾದದಲ್ಲಿ ತಪ್ಪು ಎಲ್ಲಿದೆ? ನೀವಾಗಿದ್ದರೆ ಡಾಕ್ಟರಿಗೆ ಏನು ಹೇಳುತ್ತಿದ್ದಿರಿ?

ಉತ್ತರಗಳನ್ನು ಜೀವಶಾಸ್ತ್ರ ವಿಭಾಗದಲ್ಲಿ ಕೊಡಿ. ಮೂರನೆಯದನ್ನು ನಾನು ವಿಶೇಷವಾಗಿ ಓದುತ್ತೇನೆ.